ನಂಜಿನ ಲೆಕ್ಕ

ಬಿತ್ತನೆ ಬಂದದ್ದು ಜಲಂಧರದಿಂದ, ಬೆಳೆದದ್ದು ಶಾಂತಿಗ್ರಾಮದ ಕಡೆ,
ಈಗ ಹಾಸನದ ಮಂಡಿಯ ಅಂಗಳದಲ್ಲಿ ಗುಡ್ಡೆ ಬಿದ್ದಿದೆ ಗಡ್ಡೆ.
ನನ್ನ ಕೆಲಸ ಕಜ್ಜಿ ಹತ್ತಿದ್ದನ್ನು ಆರಿಸಿ ಪಕ್ಕಕ್ಕೆಸೆಯುವುದು.
ಸಿಪ್ಪೆಯ ಮೇಲೆ ಒರಟು ಚುಕ್ಕೆ, ಬಿರುಕು, ಉದುರುವ ಹೊಟ್ಟು.
ಕಣ್ಣು ಬೇಕಿಲ್ಲ, ಬೆರಳೇ ಹೇಳಿಬಿಡುತ್ತದೆ.
ಮಣಿಕಟ್ಟಿನವರೆಗೆ ಇಳಿಬಿಟ್ಟ ರವಿಕೆತೋಳಿನ ಒಳಗೆ
ಹನ್ನೊಂದು ವರ್ಷದಿಂದ ಬೆರಳಿಗೆ ಗೊತ್ತು ಆ ಒರಟು.

ಸೋರಿಯಾಸಿಸ್ ಅಂದರು ದೊಡ್ಡಾಸ್ಪತ್ರೆಯ ಡಾಕ್ಟರಮ್ಮ.
ಅಂಟುವುದಿಲ್ಲ. ಪೂರಾ ಹೋಗುವುದೂ ಇಲ್ಲ.
ಮುಲಾಮು ಬಿಡಬೇಡ, ಊಟದಲ್ಲಿ ಯಾವುದು ಆಗಿಬರೋಲ್ಲ ನೀನೇ ನೋಡಿಕೊ,
ಒಬ್ಬೊಬ್ಬರಿಗೆ ಒಂದೊಂದು.

ಒಬ್ಬೊಬ್ಬರೂ ಒಂದೊಂದು ಹೇಳಿದರು.
ಬದನೆ ನಂಜು ಎಂದಳು ವಾರಗಿತ್ತಿ ಸಾಕಮ್ಮ,
ಒಣಮೀನು ನಂಜು, ಕುಂಬಳ ನಂಜು,
ಹುಳಿ ಮುಟ್ಟಬೇಡ ಎಂದ ಟೀ ಅಂಗಡಿಯ ದ್ಯಾವೇಗೌಡ
ನನ್ನ ಲೋಟವನ್ನು ಬೇರೆ ಮೊಳೆಗೆ ನೇತುಹಾಕುತ್ತಾ.
ಆಲೂಗಡ್ಡೆಯಂತೂ ಮುಟ್ಟಲೇಬೇಡ ಎಂದರು ಯಾರೋ.
ದಿನಕ್ಕೆ ನಾಲ್ಕು ಸಾವಿರ ಮುಟ್ಟುತ್ತೇನೆ.

ಮಗಳ ಹಳೇ ಗಣಿತದ ಪುಸ್ತಕ, ಉಳಿದ ಹಾಳೆಗೆ ನಡುವೆ ಗೆರೆ.
ಎಡಕ್ಕೆ ತಿಂದದ್ದು, ಬಲಕ್ಕೆ ಕೆರೆದದ್ದು.
ಸೋಮವಾರ, ಮುದ್ದೆ, ಹುರುಳಿಕಾಳು ಬಸ್ಸಾರು: ಮೊಣಕೈ ಸುಮ್ಮನಿದೆ.
ಗುರುವಾರ, ಮುದ್ದೆ, ಉಪ್ಸಾರು: ನಿದ್ದೆ ಇಲ್ಲ, ಚಾಪೆ ತುಂಬ ಹೊಟ್ಟು.
ಸಂಕ್ರಾಂತಿ ಮಾರನೇ ದಿನ, ಅಕ್ಕನ ಮನೆ,
ಅವರೇಕಾಳು ಬದನೆಕಾಯಿ ಸಾರು, ಎರಡು ಸಲ ಬಡಿಸಿಕೊಂಡೆ.
ಬಲಕ್ಕೆ ಮಗಳು ಬರೆದಳು: ಏನೂ ಇಲ್ಲ.
ಅಳಿಸು ಅಂದೆ.
ಯಾಕಮ್ಮ?
ತಿಂದದ್ದು ಗೊತ್ತಾಗುತ್ತೆ.

ಯಾರಿಗೆ ಅಂತ ಅವಳು ಕೇಳಲಿಲ್ಲ. ಎಂಟನೇ ಕ್ಲಾಸು, ಜಾಣೆ.

ಹದಿನಾಲ್ಕು ವಾರದ ಲೆಕ್ಕದಲ್ಲಿ ಕೈಗೆ ಸಿಕ್ಕಿದ್ದು ಇಷ್ಟು:
ನಾಲ್ಕು ಗಂಟೆಯ ಬೇಕರಿ ಬನ್ನು, ಮೂರು ಚಮಚ ಸಕ್ಕರೆಯ ಟೀ,
ಇವೆರಡೂ ಬಿದ್ದ ದಿನ ರಾತ್ರಿ ಮೈ ಉರಿಯುತ್ತದೆ, ಹೆಚ್ಚುಕಮ್ಮಿ ಪ್ರತಿ ಸಲ.
ಬಿಟ್ಟೆ. ಬಿಟ್ಟಮೇಲೆ ಎಡಗೈ ಅರ್ಧ ತಿಳಿಯಾಯಿತು,
ಕೆರೆಯ ನೀರು ಕೆಸರು ಕೆಳಗಿಳಿಸಿಕೊಂಡ ಹಾಗೆ.
ಬಲಗೈ ಯಾವ ಲೆಕ್ಕಕ್ಕೂ ಬಗ್ಗದು.
ಬಟವಾಡೆ ತಪ್ಪಿದ ಶನಿವಾರ ಬರೀ ಗಂಜಿ ಕುಡಿದರೂ
ಕೆಂಪಗೆ ಎದ್ದು ಕೂರುತ್ತದೆ ಅದು. ಅದನ್ನು ಎಡಕ್ಕೆ ಬರೆಯುವುದೋ, ಬಲಕ್ಕೋ?

ಸಂಜೆ ಕಜ್ಜಿ ಗುಡ್ಡೆ ತೋರಿಸಿ ಖಲಂದರ್ ಸಾಹೇಬರು ಅಂದರು,
ಬೇಕಾದಷ್ಟು ತಗೊಂಡೋಗಮ್ಮ, ಇದಕ್ಕೆ ರೇಟಿಲ್ಲ.
ಸೆರಗಿಗೆ ಸುರಿದುಕೊಂಡು ಬಂದೆ. ಬೇಯಿಸಿ ಸಿಪ್ಪೆ ಸುಲಿದರೆ
ಬಿಸಿ, ಹಿಟ್ಟು ಹಿಟ್ಟು, ಎಲ್ಲ ಗಡ್ಡೆಯ ಹಾಗೇ.
ಮಗಳಿಗೆ ಉಪ್ಪುಖಾರ ಹಾಕಿ ಕೊಟ್ಟೆ,
ಒಂದು ಹೋಳು ನಾನೂ ಬಾಯಿಗಿಟ್ಟೆ.
ಅವಳ ಕೈ ಪೆನ್ನಿನ ಮೇಲೆ ನಿಂತಿತು. ಬರೀಲಾ?

ಬರಿ.
ಬಲಕ್ಕೆ ಖಾಲಿ ಬಿಡು, ಬೆಳಗ್ಗೆ ನೋಡೋಣ.