ಬೀಗದ ಕೈ

ಮೂವತ್ತೊಂದು ವರ್ಷ ಬಿಸಿನೀರಲ್ಲಿ ಬೆಂದ ಕೈ ಇದು.
ತೇಲುವ ಗೂಡುಗಳ ಮೇಲೆ ಸುಮ್ಮನೆ ಆಡಿಸಿದರೆ ಸಾಕು
ಎಳೆಯ ತುದಿ ತಾನಾಗಿ ಬೆರಳಿಗೆ ಬರುತ್ತದೆ.
ಕಣ್ಣಿಗೆ ಕಾಣುವುದಿಲ್ಲ ಅದು. ಕಂಡೆ ಅನ್ನುವವರು
ಶಿಡ್ಲಘಟ್ಟದವರಲ್ಲ.

ಗೆರೆಯೆಲ್ಲ ಅಳಿಸಿಹೋಗಿವೆ.
ನ್ಯಾಯಬೆಲೆ ಅಂಗಡಿಯ ಯಂತ್ರಕ್ಕೆ ಹೆಬ್ಬೆಟ್ಟು ಒತ್ತಿದರೆ ಕೆಂಪು ದೀಪ.
ಒರೆಸಿ ಒತ್ತಿದರೂ ಕೆಂಪು.
ತಲೆಗೆ ಉಜ್ಜಿ ಒತ್ತಮ್ಮ, ಎಣ್ಣೆ ಹತ್ತಲಿ, ಅನ್ನುತ್ತಾನೆ ವೆಂಕಟಶಾಮಿ.
ಕೆಂಪು.
ಅಕ್ಕಯ್ಯಮ್ಮ ಎಂಬವಳೊಬ್ಬಳು ಇದ್ದಾಳೆಂದು
ಊರಿಗೆಲ್ಲ ಗೊತ್ತು, ಅದಕ್ಕೊಂದು ಬಿಟ್ಟು.

ಹಾಗೆ ಬರಿಚೀಲ ಹಿಡಿದು ಬರುವ ಒಂದು ದಿನ
ಬಸ್ ನಿಲ್ದಾಣದ ಗೋಡೆಗೆ ಒರಗಿ, ಕೊಡೆಯಡಿ ಕೂತ
ಇಮ್ತಿಯಾಜ್ ಮುಂದೆ ನಿಂತೆ.
ತಂತಿಯ ಬಳೆಗೆ ಕೋದ ಬೀಗದ ಕೈಗಳು,
ಇನ್ನೂ ಹಲ್ಲು ಮೂಡದವು.
ಯಾರದೋ ಬೀಗವನ್ನು ಮಗುವಿನ ಕಿವಿ ನೋಡುವ ಹಾಗೆ
ಬೆಳಕಿಗೆ ತಿರುಗಿಸಿ, ಎರಡು ಕಡ್ಡಿ ಆಡಿಸಿದ. ಟಕ್.
ನಂಗೂ ಕಲಿಸ್ತೀಯಾ, ಅಂದೆ.
ನಕ್ಕ. ಯಾರ ಮನೆಗೆ, ಅಕ್ಕಯ್ಯಾ?
ಯಾರ ಮನೆಗೂ ಇಲ್ಲ ಕಣಪ್ಪ. ಮಧ್ಯಾಹ್ನ ಹೊತ್ತು ಹೋಗಲ್ಲ.

ಷರತ್ತು ಎರಡೇ:
ನಿನ್ನದಲ್ಲದ ಬೀಗ ಮುಟ್ಟಬೇಡ.
ನಿನ್ನದೇ ಆದರೂ, ದಿನಾ ಬಾಗಿಲು ಕಾಯೋ ಬೀಗ ಮುಟ್ಟಬೇಡ,
ಕೆಟ್ಟರೆ ರಾತ್ರಿ ಎಲ್ಲಿಗೆ ಹೋಗ್ತೀಯ?

ಗುಜರಿಯಿಂದ ಕಿಲೋ ಲೆಕ್ಕದಲ್ಲಿ ತಂದೆ
ಕೈ ಕಳಕೊಂಡ ಹನ್ನೊಂದು ಬೀಗ.
ಮುರಿದ ಕೊಡೆಯ ಕಡ್ಡಿ ತಟ್ಟಿ, ಅರದಲ್ಲಿ ತೀಡಿ ತುದಿ ಬಗ್ಗಿಸಿದೆ.
ತಿರುಗಿಸುವುದಕ್ಕೆ ಲಾರಿಯೊಂದರ ವೈಪರ್ ಪಟ್ಟಿ.
ಅವನು ಒಂದರ ಪಕ್ಕೆ ಸೀಳಿ ತೋರಿಸಿದ್ದ:
ಒಳಗೆ ಸಾಲಾಗಿ ನಾಲ್ಕು ಹಿತ್ತಾಳೆ ಕಡ್ಡಿ, ನೆತ್ತಿಯ ಮೇಲೊಂದೊಂದು ಸ್ಪ್ರಿಂಗು.
ಇಷ್ಟೇನಾ ಅನ್ನಿಸಿತು.
ಇಷ್ಟಕ್ಕೇ ಇಷ್ಟೊಂದು ಭಯ, ಇಷ್ಟೊಂದು ನಂಬಿಕೆ.

ಮೊದಲ ವಾರವೆಲ್ಲ ಬರೀ ಬಲ. ಪಟ್ಟಿ ಬಾಗಿತು, ಬೆರಳು ಕುಯ್ದಿತು.
ತಿರುಚಬೇಡ, ಅಂದ. ಒತ್ತಿದ್ದೀಯೋ ಇಲ್ಲವೋ
ನಿನಗೇ ಅನುಮಾನ ಬರಬೇಕು.
ಅಯ್ಯೋ, ಅದು ನಂಗೆ ಗೊತ್ತಿದ್ದದ್ದೇ.
ಎಳೆ ಬಿಗಿದರೆ ಹರಿಯುತ್ತೆ, ಸಡಿಲ ಬಿಟ್ಟರೆ ಸಿಕ್ಕಾಗುತ್ತೆ.

ಆಮೇಲೆ ಕಣ್ಣು ಮುಚ್ಚಿದೆ.
ನಾಲ್ಕರಲ್ಲಿ ಯಾವುದೋ ಒಂದು ಮಾತ್ರ
ಮುಖ ಬಿಗಿದುಕೊಂಡಿರುತ್ತೆ. ಅದನ್ನು ಮೊದಲು ಮಾತಾಡಿಸಬೇಕು,
ಮದುವೆಮನೆಯಲ್ಲಿ ಬೀಗರನ್ನು ಮಾತಾಡಿಸಿದ ಹಾಗೆ.
ದೊಡ್ಡಮ್ಮನನ್ನು ಬಿಟ್ಟು ಚಿಕ್ಕಮ್ಮನನ್ನು ಕರೆದೆಯೋ
ಕೂತವರೆಲ್ಲ ಎದ್ದು ಹೊರಟರು. ಮತ್ತೆ ಮೊದಲಿಂದ.

ಇಪ್ಪತ್ತಮೂರನೇ ಮಧ್ಯಾಹ್ನ
ಕಡ್ಡಿಯಿಂದ ಬೆರಳಿಗೆ ಬಂದದ್ದು ಶಬ್ದವಲ್ಲ,
ಗೂಡಿನೊಳಗೆ ಹುಳು ಹೊರಳಿದಷ್ಟು.
ಕೊಂಡಿ ಜಿಗಿಯಿತು.
ಯಾರಿಗೆ ಹೇಳಲಿ? ಓಡಿಹೋಗಿ ಪಕ್ಕದ ಪಾರ್ವತಮ್ಮನಿಗೆ ತೋರಿಸಿದೆ.
ಅಂದಿನಿಂದ ಅವಳು ಬಾಗಿಲಿಗೆ ಎರಡು ಹಾಕುತ್ತಾಳೆ.
ಬೀಗ ತೆರೆದವಳು ಬೀಗಬಾರದಿತ್ತು.

ನಿನ್ನೆ ನ್ಯಾಯಬೆಲೆ ಅಂಗಡಿ ಮುಚ್ಚಿತ್ತು.
ಸರ್ವರ್ ಇಲ್ಲ ಎಂದೊಂದು ಚೀಟಿ, ಅದರ ಕೆಳಗೆ ಬೀಗ,
ಅದರ ಹಿಂದೆ ನನ್ನ ಪಾಲಿನ ಅಕ್ಕಿ, ರಾಗಿ.
ಕಡ್ಡಿಗಳು ಸೆರಗಿನ ಗಂಟಿನಲ್ಲೇ ಇದ್ದವು.
ಬೀದಿಯಲ್ಲಿ ಒಂದು ನಾಯಿ ಬಿಟ್ಟರೆ ಯಾರೂ ಇರಲಿಲ್ಲ.
ಹೆಬ್ಬೆಟ್ಟಿನಿಂದ ಒಮ್ಮೆ ಸವರಿದೆ. ಬಿಸಿಲಿಗೆ ಕಾದಿತ್ತು.
ನೀನು ಯಾರು ಅಂತ ಅದೇನೂ ಕೇಳಲಿಲ್ಲ.
ಮುಟ್ಟಿದ್ದು ಅಷ್ಟೇ, ಇಮ್ತಿಯಾಜ್.

ಮನೆಗೆ ಬಂದು ಏಳನೆಯದನ್ನು ಕೈಗೆತ್ತಿಕೊಂಡೆ.
ಮೂರು ಕೂತಿವೆ.
ಇನ್ನುಳಿದದ್ದು ಒಂದೋ ಎರಡೋ, ಗೊತ್ತಾಗುತ್ತಿಲ್ಲ.
ಒಲೆಯ ಮೇಲೆ ಎಸರು ಉಕ್ಕುತ್ತಿದೆ.
ಉಕ್ಕಲಿ, ತಾಳು.