ಕೂದಲೆಳೆ ತಡ

ಧೋಬಿ ತಲಾವಿನ ನಮ್ಮ ಹೋಟೆಲಿನಲ್ಲಿ
ಮೂರನೇ ಟೇಬಲು ಕಯತಾನನದು.
ಕಾಪಿ ಬರುವ ಮುಂಚೆಯೇ ಎರಡು ಚಮಚ,
ಲೋಟ, ಬೋರಲು ಹಾಕಿದ ಬಟ್ಟಲು.
ಬಲಗೈ ಚರ್ಚ್‌ಗೇಟಿನ ಲೋಕಲು,
ಎಡಗೈ ಮಾತ್ರ ಕೂದಲೆಳೆ ತಡ.
"ಬ್ಲೂಸು ಇರುವುದೇ ಆ ತಡದಲ್ಲಿ, ಪೋರಾ"
ಅಂದದ್ದು ಕೊಂಕಣಿಯಲ್ಲಿ;
ನಾನು ತುಳುವಿನಲ್ಲಿ ತಲೆಯಾಡಿಸಿದೆ.

ರಾತ್ರಿಶಾಲೆಯಲ್ಲಿ ಮೇಷ್ಟ್ರು ಲಘು ಗುರು ಹಾಕಿಸುವಾಗ
ಆ ತಡಕ್ಕೆ ಯಾವ ಗುರುತು ಎಂದು ಕೇಳಿ
ಬೆಂಚಿನ ಮೇಲೆ ನಿಂತೆ.

ಇರುಳು ಕೊಲಾಬಾದ ಬಾರು. ಹಗಲು ಸಿನಿಮಾ ಸ್ಟುಡಿಯೋ.
ಅಲ್ಲಿ ಎಡಗೈಯನ್ನೂ ಹೊತ್ತಿಗೆ ಸರಿಯಾಗಿ ತರುತ್ತಿದ್ದ;
ಮಾಪ್ಸಾದಲ್ಲಿ ಮೂರು ಹೆಣ್ಣುಮಕ್ಕಳು.
ರೆಕಾರ್ಡಿನ ಮೇಲೆ ಯಾರ್ಯಾರದೋ ಹೆಸರು,
ಇವನದು ವೋಚರಿನಲ್ಲಿ, ಅದೂ ತಪ್ಪಾಗಿ.

ಆಮೇಲೆ ಗುಂಡಿ ಒತ್ತಿದರೆ ಬಡಿಯುವ ಪೆಟ್ಟಿಗೆ ಬಂತು.
ಅದಕ್ಕೆ ತಡ ಎಂದರೇನೆಂದೇ ಗೊತ್ತಿಲ್ಲ.
ಡ್ರಮ್ಮು ಚೋರ್ ಬಜಾರಿಗೆ ಹಾಕಿದ ದಿನ
ಬಂದು, ಕೈಯೆರಡನ್ನೂ ತೊಡೆಯಡಿ ಇಟ್ಟುಕೊಂಡು ಕೂತ.
ಕಾಪಿ ಕೆನೆಗಟ್ಟಿತು.

ಸೋನಾಪುರದ ಮಣ್ಣಿಗೆ ಹೋಗಿದ್ದವರು ಆರು ಜನ.
ಒಬ್ಬನಿಗೆ ಊದಲು ಬರುತ್ತಿತ್ತು, ಊದಲಿಲ್ಲ.

ಮೂರನೇ ಟೇಬಲಿನ ಒಂದು ಕಾಲು ಗಿಡ್ಡ.
ಲೋಟ ಇಟ್ಟರೆ ಟಕ್. ಆಮೇಲೆ, ಟಕ್.
ಕಾಗದ ಮಡಿಚಿ ಸಿಕ್ಕಿಸು ಅನ್ನುತ್ತಾರೆ ಧಣಿ.
ನಾಳೆ, ಅನ್ನುತ್ತೇನೆ.