ಹಿಂದೆ ಎಷ್ಟು ಗಾಡಿ ನಿಂತಿವೆ

ಈ ಪದ್ಯದ ಮೊದಲ ಹನ್ನೆರಡು ಸಾಲು ಈಗ ಇಲ್ಲ.
ಅಲ್ಲಿ ಕುಕ್ಕರಹಳ್ಳಿ ಕೆರೆ ಇತ್ತು, ಸಂಜೆ ಇತ್ತು,
ಒಂದು ಹೆಜ್ಜಾರ್ಲೆ ಸುಮ್ಮಸುಮ್ಮನೆ ಹಾರುತ್ತಿತ್ತು.
ನಂಜಮ್ಮಣ್ಣಿಯವರು ಇದ್ದಿದ್ದರೆ ಕೇಳುತ್ತಿದ್ದರು:
‘ಹಕ್ಕಿ ಚೆನ್ನಾಗಿದೆ. ಅದಕ್ಕೇನು ಕೆಲಸ ಇಲ್ಲಿ?’

ಶಿವರಾಂಪೇಟೆಯಲ್ಲಿ, ಪೇಪರ್ ಅಂಗಡಿಯ ಮಹಡಿ ಮೇಲೆ,
ನಾಟಕ ಕಂಪನಿಯೊಂದಕ್ಕೆ ಟೈಪಿಸ್ಟಾಗಿ ಸೇರಿದವರು,
ಪುಟಕ್ಕೆ ನಾಲ್ಕಾಣೆ.
‘ನಾನು ಹೊರಡುತ್ತೇನೆ ತಾಯೇ’ ಎಂದು ಬರೆದುಕೊಟ್ಟದ್ದು
ಅವರ ಬೆರಳು ದಾಟುವಷ್ಟರಲ್ಲಿ
‘ಬತ್ತೀನಿ ಕನವ್ವ’ ಆಗಿಬಿಡುತ್ತಿತ್ತು.
ನಾಟಕಕಾರರು ಕೂಗಾಡಿದರು. ತಾಲೀಮಿನಲ್ಲಿ
ಆ ಮಾತಿಗೆ ಮುದುಕಿ ಪಾತ್ರದಾಕೆ
ನಿಜಕ್ಕೂ ಬಾಗಿಲ ಕಡೆ ನೋಡಿದಳು.
ಮಾರನೆಯ ದಿನದಿಂದ ಟೈಪು ಬೇರೆಯವರಿಗೆ,
ಓದುವ ಕೆಲಸ ಇವರಿಗೆ.
ಆ ಕೆಲಸಕ್ಕೆ ಹೆಸರಿರಲಿಲ್ಲ. ಸಂಬಳದ ಪುಸ್ತಕದಲ್ಲಿ
ನಲವತ್ತು ವರ್ಷವೂ ‘ಇತರೆ’ ಅಂತಲೇ ಇತ್ತು.

ನಾನು ಹೋದದ್ದು ಮಂಡ್ಯದಿಂದ, ಬೆಳಗಿನ ಪ್ಯಾಸೆಂಜರಿನಲ್ಲಿ,
ಸಕ್ಕರೆ ಕಾರ್ಖಾನೆಯ ತೂಕದ ಮನೆಯ ರಾತ್ರಿ ಪಾಳಿ ಮುಗಿಸಿ,
ಕಾಲರಿನಲ್ಲಿ ಇನ್ನೂ ಕಾಕಂಬಿಯ ವಾಸನೆ.
ನನ್ನ ನಾಟಕದಲ್ಲೂ ತೂಕದ ಮನೆಯ ಗುಮಾಸ್ತನೊಬ್ಬ
ಮೂರು ಪುಟ ನಿಂತು ಬಾಳಿನ ಅರ್ಥ ಹೇಳುತ್ತಿದ್ದ.
ಅವರು ಪೆನ್ಸಿಲನ್ನು ಅಂಚಿನಲ್ಲಿ ಊರಿ
ಬಹಳ ಹೊತ್ತು ಏನೂ ಬರೆಯಲಿಲ್ಲ.
ಆಮೇಲೆ, ಚಿಕ್ಕ ಅಕ್ಷರದಲ್ಲಿ:
‘ಇವನು ಮಾತಾಡುವಾಗ ಹಿಂದೆ ಎಷ್ಟು ಗಾಡಿ ನಿಂತಿವೆ?’

ಅರವತ್ತು. ಕಬ್ಬು ಒಣಗುತ್ತಿತ್ತು,
ಎತ್ತುಗಳು ಮೂತಿ ನೆಲಕ್ಕಿಟ್ಟಿದ್ದವು.
ನನಗೆ ಗೊತ್ತಿತ್ತು, ದಿನಾ ನೋಡಿದವನು ನಾನು;
ಬರೆಯಲು ಕೂತಾಗ ಮಾತ್ರ ಅಷ್ಟನ್ನೂ
ಮನೆಗೆ ಕಳಿಸಿಬಿಟ್ಟಿದ್ದೆ.
ಎಂಟು ಸಲ ತಿದ್ದಿದ ಮೇಲೆ ಗುಮಾಸ್ತನಿಗೆ ಉಳಿದದ್ದು ಇಷ್ಟು:
‘ಮುಂದಕ್ಕೆ ಹೊಡಿ.’
ಕಲಾಮಂದಿರದಲ್ಲಿ ಅದಕ್ಕೆ ಜನ ಉಸಿರು ಹಿಡಿದರು.
ಹಾರ ನನ್ನ ಕೊರಳಿಗೆ.
ಅವರು ಬಾಗಿಲ ಬಳಿ ಚಪ್ಪಲಿ ಹುಡುಕುತ್ತಿದ್ದರು.

ಎಷ್ಟೋ ಮಂದಿ ಹೀಗೆ. ಮಂಡಿ ಮೊಹಲ್ಲಾದ ಫಯಾಜ್.
ಊದಬತ್ತಿ ಹೊಸೆಯುತ್ತ ಕಥೆ ಕಟ್ಟಿದ ರತ್ನಪ್ರಭೆ;
ಅವಳ ನಾಯಕಿ ಕೊನೆಯಲ್ಲಿ ಬಾವಿಗೆ ಬೀಳಬೇಕಿತ್ತು.
‘ಸಾಯಿಸೋದು ಸುಲಭ ಕಣೇ. ನಾಳೆ ಬೆಳಿಗ್ಗೆ
ಅವಳನ್ನ ಹಾಲು ತರೋಕೆ ಕಳಿಸು, ನೋಡೋಣ.’

ಆದರೆ ಗುರುಮಲ್ಲೇಶ.
ಅವನ ವಿಷಯ ಅವರು ಒಂದೇ ಸಲ ಎತ್ತಿದ್ದು,
ಕಣ್ಣಿಗೆ ಪೊರೆ ಬಂದು ನಾನು ಓದಿ ಹೇಳುವಂತಾದ ಮೇಲೆ.
ಹತ್ತೊಂಬತ್ತರ ಹುಡುಗ, ಒಂದೇ ಹಸ್ತಪ್ರತಿ,
ಪುಟಪುಟಕ್ಕೂ ಅವನ ಮಾತಿಗಿಂತ ಇವರ ಪ್ರಶ್ನೆ ಜಾಸ್ತಿ.
ನಮಸ್ಕಾರ ಹೇಳಿ ಹೋದ. ಮತ್ತೆ ಬರೆಯಲಿಲ್ಲ.
ನಂಜನಗೂಡು ರಸ್ತೆಯಲ್ಲಿ ಸೈಕಲ್ ಶಾಪ್ ಇಟ್ಟ.
‘ಆ ಕಡೆ ಹೋದರೆ ನಾನು ಎದುರು ಪಕ್ಕದಲ್ಲಿ ನಡೀತೀನಿ,’
ಅಂದರು. ‘ಒಳ್ಳೇ ನಾಟಕ ಅದು. ನನಗೆ ತಡವಾಗಿ ಕೇಳಿಸ್ತು.’

ಟ್ರಂಕಿನಲ್ಲಿತ್ತು, ನುಸಿಗುಳಿಗೆಗಳ ನಡುವೆ.
ಅಷ್ಟೂ ಪ್ರಶ್ನೆಗಳನ್ನು ರಬ್ಬರಿನಿಂದ ಅಳಿಸಿದ್ದರು,
ಎಷ್ಟು ಸಂಜೆ ಹಿಡಿಯಿತೋ.
ಓರೆಯಾಗಿ ಬೆಳಕಿಗೆ ಹಿಡಿದರೆ ಮಾತ್ರ
ಪೆನ್ಸಿಲು ಒತ್ತಿದ ತಗ್ಗು ಕಾಣುತ್ತಿತ್ತು.
‘ಕೊಟ್ಟು ಬಾ. ನನ್ನ ಹೆಸರು ಹೇಳಬೇಡ.’

ಹೇಳಲಿಲ್ಲ.
ಅವನು ಟ್ಯೂಬನ್ನು ನೀರಿನ ಬಾಣಲೆಯಲ್ಲಿ ಅದ್ದಿ
ಗುಳ್ಳೆ ಏಳುವುದನ್ನು ನೋಡುತ್ತಿದ್ದ;
ತಲೆ ಎತ್ತಿದವನು ರಟ್ಟಿನ ಮೇಲೆ ತನ್ನದೇ ಕೈಬರಹ ಕಂಡ.
‘ಅಲ್ಲೇ ಇಡಿ,’ ಅಂದ. ಮುಟ್ಟಲಿಲ್ಲ.
ನಲ್ಲಿಗೆ ಹೋಗಿ ಕೈ ತೊಳೆಯತೊಡಗಿದ,
ಸೋಪು ಹಾಕಿ, ಮತ್ತೊಂದು ಸಲ ಹಾಕಿ,
ಉಗುರಿನ ಸಂದಿನ ಗ್ರೀಸನ್ನು ಕಡ್ಡಿಯಿಂದ ತೆಗೆಯುತ್ತ.
ಹಿಂದೆ ಮೂರು ಸೈಕಲ್ಲು ನಿಂತಿದ್ದವು.
ಒಬ್ಬ ಆಗಲೇ ಬೆಲ್ ಬಾರಿಸುತ್ತಿದ್ದ.